ಕುಟುಕುವುದು ಹವಳದ ತಪ್ಪಲ್ಲ

ಉಪ್ಪುನೀರಿನ ಅಕ್ವೇರಿಯಂ ಸಾಕುವವರ ಲೋಕದಲ್ಲಿ ಪ್ರತಿ ಹವಳಕ್ಕೂ ನಡತೆಯ ಪ್ರಮಾಣಪತ್ರ ಸಿಗುತ್ತದೆ. ಅಮೆರಿಕದ ಅಂಗಡಿಯಾಗಲಿ ಯುರೋಪಿನದಾಗಲಿ, ಮಾರಾಟದ ಪಟ್ಟಿಯಲ್ಲಿ ಹವಳದ ಹೆಸರಿನ ಕೆಳಗೆ ಬೆಳಕು ಎಷ್ಟು ಬೇಕು, ನೀರಿನ ಸೆಳೆತ ಎಷ್ಟಿರಬೇಕು ಎಂಬುದರ ಜೊತೆಗೆ ಅದರ ಸ್ವಭಾವವನ್ನೂ ಬರೆದಿರುತ್ತಾರೆ. ಮಶ್ರೂಮ್, ಲೆದರ್, ಝೋಆಂಥಿಡ್‌ಗಳು ಶಾಂತ. ಟಾರ್ಚ್, ಹ್ಯಾಮರ್, ಫ್ರಾಗ್‌ಸ್ಪಾನ್, ಎಲಿಗೆನ್ಸ್, ಗ್ಯಾಲಾಕ್ಸಿಯಾಗಳು ಉಗ್ರ. ಮೊದಲ ಗುಂಪಿನವು ಸಾಧುಗಳು, ಎರಡನೆಯ ಗುಂಪಿನವು ಅಕ್ಕಪಕ್ಕದವರ ಮೇಲೆ ಎಗರುವ ಪುಂಡರು. ಚೆಂದ ಇವೆ ಎಂಬ ಕಾರಣಕ್ಕೆ ಅವನ್ನು ಸಹಿಸಿಕೊಳ್ಳಬೇಕು, ಆದರೆ ಹದ್ದುಬಸ್ತಿನಲ್ಲಿಡಬೇಕು. ಇದು ಈ ಹವ್ಯಾಸದಲ್ಲಿ ಬಹುತೇಕ ಎಲ್ಲರೂ ಒಪ್ಪಿಕೊಂಡಿರುವ ಮಾತು.

ಖಂಡಿಸುವ ಮೊದಲು ಪೂರ್ವಪಕ್ಷವನ್ನು ಅದರ ಪೂರ್ತಿ ಬಲದೊಡನೆ ಮುಂದಿಡುವುದು ನ್ಯಾಯ. ಮನೆಯ ಟ್ಯಾಂಕಿನ ಆದರ್ಶವೆಂದರೆ ‘ಮಿಕ್ಸ್ಡ್ ರೀಫ್’: ಗಟ್ಟಿ ಹವಳ, ಮೆದು ಹವಳ, ಕವಲೊಡೆದದ್ದು, ಹಾಸಿಕೊಂಡದ್ದು, ಎಲ್ಲವೂ ಒಂದೇ ಗಾಜಿನೊಳಗೆ. ಸಮುದ್ರದ ಹವಳದ ದಿಬ್ಬದಲ್ಲೂ ನೂರಾರು ಬಗೆಯವು ಒಟ್ಟಿಗೇ ಬಾಳುತ್ತವಲ್ಲ? ಕುಟುಕುವ ಹವಳ ತಂದರೆ ಸುತ್ತ ಆರಿಂಚು ಬಿಡಿ, ಫಿಲ್ಟರಿಗೆ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ, ದೀಪ ಆರಿದ ಮೇಲೆ ಬ್ಯಾಟರಿ ಹಿಡಿದು ನೋಡಿ, ಉದ್ದನೆಯ ಎಳೆ ಹೊರಟಿದ್ದರೆ ಹವಳದ ಜಾಗ ಬದಲಿಸಿ, ಇಲ್ಲವೇ ಎಳೆಯನ್ನು ಕತ್ತರಿಸಿ. ಇಷ್ಟನ್ನು ಶ್ರದ್ಧೆಯಿಂದ ಮಾಡಿದವರ ಟ್ಯಾಂಕುಗಳು ವರ್ಷಗಟ್ಟಲೆ ನಳನಳಿಸಿವೆ. ಜಕಾರ್ತದ ಲೀ ಚಿನ್ ಎಂಗ್ ಜೀವಂತ ಕಲ್ಲು ಮತ್ತು ಗಾಳಿಗುಳ್ಳೆಗಳನ್ನು ನಂಬಿ ಸಮುದ್ರಜೀವಿಗಳನ್ನು ಸಾಕುವ ಬಗೆಯನ್ನು 1961ರಲ್ಲಿ ಬರೆದ ಕಾಲಕ್ಕೂ ಇಂದಿಗೂ ಹೋಲಿಕೆಯೇ ಇಲ್ಲ. ಬೆಳಕು, ಪಂಪು, ಸ್ಕಿಮ್ಮರ್, ಸುಣ್ಣದಂಶ ಅಳೆಯುವ ಉಪಕರಣ, ಎಲ್ಲ ಕೈಗೆಟುಕಿವೆ. ಆದ್ದರಿಂದ ಕುಟುಕು ಬರೀ ನಿರ್ವಹಣೆಯ ವಿಷಯ. ಪಳಗಿದ ಕೈಗೆ ಅದು ತೊಡಕೇ ಅಲ್ಲ. ಇದು ಪೂರ್ವಪಕ್ಷ.

ಇದರ ತಳಹದಿಯೇ ತಪ್ಪು ಎಂಬುದು ನನ್ನ ವಾದ. ಕುಟುಕುವುದು ಹವಳದ ದುರ್ಗುಣವಾಗಿದ್ದರೆ ಅದನ್ನು ತಿದ್ದುವ, ತಗ್ಗಿಸುವ ಮಾತಾಡಬಹುದಿತ್ತು. ಕುಟುಕು ಹವಳದ ಊಟ, ಹವಳದ ಬೇಲಿ, ತನ್ನವರನ್ನು ಗುರುತಿಸುವ ಹವಳದ ಬಗೆ. ಹವಳ ಬೇಕು, ಕುಟುಕು ಬೇಡ ಎನ್ನುವವರು ಸಾಕಲು ಹೊರಟಿರುವುದು ಪ್ರಾಣಿಯನ್ನಲ್ಲ, ಅದರ ಬಣ್ಣವನ್ನು. ಕುಟುಕಿದ್ದಕ್ಕೆ ಹವಳವನ್ನು ದಂಡಿಸಬೇಕಾಗಿ ಬರುವ ಟ್ಯಾಂಕು ಆ ಹವಳಕ್ಕೆ ತಕ್ಕ ಟ್ಯಾಂಕೇ ಅಲ್ಲ.

ಮೊದಲು ಕುಟುಕು ಏನೆಂದು ನೋಡೋಣ. ಹವಳ, ಕಡಲ ಹೂ, ಅಂಬಲಿ ಮೀನು, ಹೈಡ್ರಾ ಎಲ್ಲವೂ ಕುಟುಕುಕಣವಂತಗಳೆಂಬ ಒಂದೇ ವಂಶದವು. ಆ ವಂಶದ ಗುರುತೇ ಕುಟುಕುಕಣ. ಒಂದು ಸೂಕ್ಷ್ಮ ಕೋಶದೊಳಗೆ ಒಂದು ಚೀಲ, ಚೀಲದೊಳಗೆ ಸುರುಳಿ ಸುತ್ತಿದ ಟೊಳ್ಳು ನೂಲು, ಅದರ ಜೊತೆ ವಿಷ. ತಾಗಿದೊಡನೆ ನೂಲು ಹೊರಚಿಮ್ಮಿ ಎದುರಿನ ಮೈಗೆ ನಾಟುತ್ತದೆ. ಹೈಡ್ರಾದ ಕುಟುಕುಕಣವನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದ ಜರ್ಮನ್ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆ ಚಿಮ್ಮುವಿಕೆಗೆ ಹಿಡಿಯುವ ಕಾಲ ಸುಮಾರು 700 ನ್ಯಾನೊಸೆಕೆಂಡ್. ಅದರ ವೇಗೋತ್ಕರ್ಷ ಭೂಮಿಯ ಗುರುತ್ವದ 50 ಲಕ್ಷ ಪಟ್ಟಿಗೂ ಹೆಚ್ಚು. ಕಾಲಿಲ್ಲದ, ಕಣ್ಣಿಲ್ಲದ, ಇದ್ದಲ್ಲಿಂದ ಕದಲಲಾರದ ಪ್ರಾಣಿಗೆ ಕೋಟಿ ಕೋಟಿ ವರ್ಷಗಳಲ್ಲಿ ಒಲಿದ ಸಾಧನವಿದು. ಹವಳದ ಮೈಯೊಳಗೆ ಮನೆ ಮಾಡಿಕೊಂಡಿರುವ ಪಾಚಿ ಹಗಲಲ್ಲಿ ಬಿಸಿಲುಂಡು ಸಕ್ಕರೆಯಂಶ ಕೊಡುತ್ತದೆ, ನಿಜ. ಆದರೆ ಮೈ ಕಟ್ಟಲು ಬೇಕಾದ ಸಾರಜನಕ, ರಂಜಕಗಳಿಗಾಗಿ ಹವಳ ಬೇಟೆಯನ್ನೂ ಆಡುತ್ತದೆ. ಕರಬಳ್ಳಿಗಳನ್ನು ಚಾಚಿ, ತೇಲಿ ಬಂದ ಸೂಕ್ಷ್ಮಜೀವಿಯನ್ನು ಕುಟುಕಿ, ಬಾಯಿಗೆ ಒಯ್ದು ನುಂಗುತ್ತದೆ. ಪಕ್ಕದ ಹವಳವನ್ನು ಸುಡುವುದೂ ಕುಟುಕುಕಣವೇ. ಉಣ್ಣುವ ಕುಟುಕು ಒಳ್ಳೆಯದು, ಕಾಯುವ ಕುಟುಕು ಕೆಟ್ಟದ್ದು ಎಂಬ ಭೇದವನ್ನು ಹವಳದ ಮೈಯಲ್ಲಿ ಎಲ್ಲಿ ಹುಡುಕಿದರೂ ಕಾಣಲಾರಿರಿ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಕುಟುಕುವುದರಲ್ಲಿ ವಿವೇಚನೆ ಇದೆ. ಹವಳ ಎದುರಿಗೆ ಬಂದದ್ದನ್ನೆಲ್ಲ ಕುರುಡಾಗಿ ಸುಡುವುದಿಲ್ಲ. ಜಮೈಕಾದ ದಿಬ್ಬಗಳಲ್ಲಿ ಕೆಲಸ ಮಾಡಿದ ಜೂಡಿತ್ ಲ್ಯಾಂಗ್ ಅವರ ಸಂಶೋಧನೆ ಇದನ್ನು ಮೊದಲು ಸ್ಪಷ್ಟಪಡಿಸಿತು. ಸ್ಕೊಲಿಮಿಯಾ ಎಂಬ ಒಂಟಿ ಹವಳದ ಎರಡು ರೂಪಗಳನ್ನು ಆಗ ಒಂದೇ ಜಾತಿಯೆಂದು ಎಣಿಸುತ್ತಿದ್ದರು. ಲ್ಯಾಂಗ್ ಅವನ್ನು ಅಕ್ಕಪಕ್ಕ ಇಟ್ಟಾಗ ಒಂದು ರೂಪದ ಹವಳ ತನ್ನ ಹೊಟ್ಟೆಯೊಳಗಿನ ಜೀರ್ಣತಂತುಗಳನ್ನು ಹೊರಚಾಚಿ ಇನ್ನೊಂದರ ಮಾಂಸವನ್ನು ಕರಗಿಸಿತು. ಒಂದೇ ರೂಪದವನ್ನು ಜೊತೆಗಿಟ್ಟಾಗ ಹಾಗಾಗಲಿಲ್ಲ. ತಜ್ಞರು ಒಂದೆಂದು ತಿಳಿದಿದ್ದ ಎರಡು ಜಾತಿಗಳನ್ನು ಬೇರೆಯೆಂದು ಹವಳಗಳು ಮೊದಲೇ ಅರಿತಿದ್ದವು. 1971ರಲ್ಲಿ ಲ್ಯಾಂಗ್ ಪ್ರಕಟಿಸಿದ ಪ್ರಬಂಧ ಅವನ್ನು ಮತ್ತೆ ಎರಡು ಜಾತಿಗಳಾಗಿ ನಿಲ್ಲಿಸಿತು.

ಇಂಥದ್ದೇ ಸಂಗತಿ ಈ ಹವ್ಯಾಸದವರ ಕಣ್ಣೆದುರಲ್ಲೇ ನಡೆದಿದೆ. ಹ್ಯಾಮರ್, ಫ್ರಾಗ್‌ಸ್ಪಾನ್, ಟಾರ್ಚ್ ಮೂರನ್ನೂ ಬಹುಕಾಲ ಯೂಫಿಲಿಯಾ ಎಂಬ ಒಂದೇ ಕುಲದಲ್ಲಿ ಸೇರಿಸಿದ್ದರು. ಹ್ಯಾಮರ್ ಮತ್ತು ಫ್ರಾಗ್‌ಸ್ಪಾನ್ ಒಂದಕ್ಕೊಂದು ತಾಗಿದರೂ ಸಾಮಾನ್ಯವಾಗಿ ತೊಂದರೆಯಿಲ್ಲ, ಟಾರ್ಚ್ ಮಾತ್ರ ಅವೆರಡನ್ನೂ ಸುಡುತ್ತದೆ ಎಂದು ಸಾಕುವವರು ಅನುಭವದಿಂದ ಬಲ್ಲರು. ಅದಕ್ಕೆ ಕೊಟ್ಟ ಕಾರಣ: ಟಾರ್ಚ್ ಹೆಚ್ಚು ಜಗಳಗಂಟ. 2017ರಲ್ಲಿ ಜೀನು, ಸಂತಾನೋತ್ಪತ್ತಿ, ಮೈಕಟ್ಟುಗಳನ್ನು ಪರಿಶೀಲಿಸಿದ ವಿಜ್ಞಾನಿಗಳು ಹ್ಯಾಮರ್, ಫ್ರಾಗ್‌ಸ್ಪಾನ್‌ಗಳನ್ನು ಫಿಂಬ್ರಿಯಾಫಿಲಿಯಾ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಟಾರ್ಚ್ ಯೂಫಿಲಿಯಾದಲ್ಲೇ ಉಳಿಯಿತು. ನಾವು ಜಗಳವೆಂದು ಕರೆದದ್ದನ್ನು ಈಗ ಹೀಗೂ ಓದಬಹುದು: ಟಾರ್ಚ್ ತನ್ನ ಕುಲದ್ದಲ್ಲದ್ದನ್ನು ಗುರುತಿಸುತ್ತಿತ್ತು. ಇಷ್ಟು ನುಣುಪಾದ ಅರಿವನ್ನು ಪುಂಡಾಟವೆಂದು ಪಟ್ಟಿಯಲ್ಲಿ ಬರೆಯುವುದು ಪ್ರಾಣಿಗೆ ಮಾಡುವ ಅವಮಾನ.

ಇನ್ನು ಶಾಂತ, ಉಗ್ರ ಎಂಬ ಶ್ರೇಣಿಯ ಮಾತು. ಯಾವ ಹವಳ ಯಾವುದನ್ನು ಗೆಲ್ಲುತ್ತದೆ ಎಂಬ ಏಣಿಯನ್ನು ಲ್ಯಾಂಗ್ ಅವರೇ ಮೊದಲು ರಚಿಸಿದ್ದರು. ಮಾರಾಟದ ಪಟ್ಟಿಗಳಲ್ಲಿ ಇಂದು ಕಾಣುವ ಸ್ವಭಾವದ ವಿಂಗಡಣೆ ಆ ಏಣಿಯ ಸವಕಲು ನಕಲಿನಂತಿದೆ. ವಿಜ್ಞಾನ ಮಾತ್ರ ಅಲ್ಲೇ ನಿಲ್ಲಲಿಲ್ಲ. 1980ರಲ್ಲಿ ಜೆರಾರ್ಡ್ ವೆಲಿಂಗ್ಟನ್ ಪನಾಮಾದ ಪೆಸಿಫಿಕ್ ಕರಾವಳಿಯ ಎರಡು ಹವಳಗಳ ಕಥೆ ಬರೆದರು. ಪವೋನಾ ಮತ್ತು ಪೊಸಿಲೊಪೊರಾ ಎದುರಾದಾಗ ಮೊದಲು ಪವೋನಾ ತನ್ನ ಜೀರ್ಣತಂತುಗಳಿಂದ ಪೊಸಿಲೊಪೊರಾದ ಅಂಚನ್ನು ತಿಂದಿತು. ಏಣಿಯ ಪ್ರಕಾರ ಪವೋನಾ ಗೆದ್ದಂತೆ. ವಾರಗಳು ಕಳೆದವು. ಪೆಟ್ಟು ತಿಂದ ಪೊಸಿಲೊಪೊರಾ ಆ ಅಂಚಿನಲ್ಲಿ ಉದ್ದನೆಯ, ಬಲವಾದ ಕರಬಳ್ಳಿಗಳನ್ನು ಬೆಳೆಸಿ ಪವೋನಾವನ್ನು ಸುಟ್ಟು ಹಿಂದಕ್ಕೆ ತಳ್ಳಿತು. ಇಂಥ ವಿಶೇಷ ಕರಬಳ್ಳಿಗೆ ಸಾಕುವವರು ‘ಸ್ವೀಪರ್’ ಎನ್ನುತ್ತಾರೆ. ಕೆರಿಬಿಯನ್ನಿನ ಅಗಾರಿಸಿಯಾ ಎಂಬ ಹವಳ ಇನ್ನೊಂದು ಹವಳ ಮೈಗೆ ತಾಗಿದ ಕಡೆಯಲ್ಲೇ ಸ್ವೀಪರ್ ಬೆಳೆಸಿಕೊಳ್ಳುತ್ತದೆ ಎಂದು ಎಲಿಜಬೆತ್ ಚೋರ್ನೆಸ್ಕಿ 1983ರಲ್ಲಿ ತೋರಿಸಿದರು. ಇಬ್ಬರು ನೆರೆಯವರ ನಡುವೆ ಗೆಲುವು ಸೋಲು ಮತ್ತೆ ಮತ್ತೆ ಅದಲುಬದಲಾಗುವುದನ್ನೂ ಅವರು 1989ರಲ್ಲಿ ದಾಖಲಿಸಿದರು.

ಇದರ ಅರ್ಥವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಉಗ್ರತೆ ಎಂಬುದು ಹವಳದ ಹುಟ್ಟುಗುಣವಾಗಿ ಸದಾ ಒಂದೇ ಮಟ್ಟದಲ್ಲಿ ಇರುವಂಥದ್ದಲ್ಲ. ನೆರೆಯವರು ಯಾರು, ಎಷ್ಟು ಹತ್ತಿರ, ಎಷ್ಟು ಕಾಲದಿಂದ, ನೀರು ಯಾವ ಕಡೆಗೆ ಹರಿಯುತ್ತಿದೆ ಎಂಬುದರ ಮೇಲೆ ಅದು ಹುಟ್ಟುತ್ತದೆ, ಬೆಳೆಯುತ್ತದೆ, ಇಳಿಯುತ್ತದೆ. ಟ್ಯಾಂಕಿನಲ್ಲಿ ನೆರೆಯವರನ್ನು ಆರಿಸಿದವರು ಯಾರು? ಹತ್ತಿರ ಇಟ್ಟವರು ಯಾರು? ಪಂಪಿನ ಮುಖ ತಿರುಗಿಸಿದವರು ಯಾರು? ಇಬ್ಬರು ಕೂರುವ ಬಸ್ ಸೀಟಿನಲ್ಲಿ ಐವರನ್ನು ಒತ್ತಿ ಕೂರಿಸಿ, ಮೊಣಕೈ ಆಡಿಸಿದವನನ್ನು ಜಗಳಗಂಟ ಎಂದು ಇಳಿಸಿದಂತಾಯಿತು ಇದು.

ಆದ್ದರಿಂದಲೇ ಸ್ವೀಪರ್ ಕತ್ತರಿಸುವ ರೂಢಿಯನ್ನು ನಾನು ಕಟುವಾಗಿ ಖಂಡಿಸುತ್ತೇನೆ. ಅನುಭವಿಗಳು ಹೊಸಬರಿಗೆ ಇದನ್ನು ಉಗುರು ಕತ್ತರಿಸಿದಷ್ಟೇ ಸಲೀಸಾಗಿ ಹೇಳಿಕೊಡುತ್ತಾರೆ. ಎಳೆ ಮತ್ತೆ ಬೆಳೆಯುತ್ತದೆ, ಹವಳಕ್ಕೆ ನೋವಾಗದು ಎನ್ನುತ್ತಾರೆ. ನೋವಿನ ಮಾತು ಬದಿಗಿರಲಿ. ಕತ್ತರಿಸಿದ ಎಳೆ ಮತ್ತೆ ಬೆಳೆಯಲು ಹವಳ ತನ್ನ ಮೈಯಿಂದಲೇ ಖರ್ಚು ಮಾಡಬೇಕು. ಗಾಯದ ಬಾಯಲ್ಲಿ ಸೋಂಕು ಹಿಡಿದರೆ ಅದನ್ನೂ ತಾಳಬೇಕು. ಎಳೆ ಬೆಳೆಯಲು ಕಾರಣವಾದ ನೆರೆಹೊರೆ ಮಾತ್ರ ಅಲ್ಲೇ ಇರುತ್ತದೆ. ಕಾರಣವನ್ನು ಮುಟ್ಟದೆ ಉತ್ತರವನ್ನಷ್ಟೇ ಮತ್ತೆ ಮತ್ತೆ ಕೊಯ್ಯುವುದನ್ನು ಪಾಲನೆ ಎಂದು ಹೇಗೆ ಕರೆಯಲಿ? ಸ್ವೀಪರ್ ಕಂಡಾಗ ಪಾಲಕನಿಗೆ ಸಿಕ್ಕಿದ್ದು ಒಂದು ಸುದ್ದಿ: ಇಲ್ಲಿ ಜಾಗ ಸಾಲದು. ಕತ್ತರಿ ಹಿಡಿದವನು ಆ ಸುದ್ದಿಯ ಬಾಯಿ ಮುಚ್ಚಿಸುತ್ತಾನೆ.

‘ಶಾಂತ’ ಎಂಬ ಗುಂಪಿನ ಕಡೆಗೂ ನೋಡೋಣ. ಸಿನುಲೇರಿಯಾ, ಸಾರ್ಕೊಫೈಟಾನ್ ಮುಂತಾದ ಮೆದು ಹವಳಗಳಿಗೆ ಉದ್ದನೆಯ ಕುಟುಕು ಎಳೆಗಳಿಲ್ಲ. ಅವು ಟರ್ಪೀನ್ ಜಾತಿಯ ರಾಸಾಯನಿಕಗಳನ್ನು ನೀರಿಗೆ ಬಿಡುತ್ತವೆ. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 1980ರ ದಶಕದ ಮೊದಲಲ್ಲಿ ಪಾಲ್ ಸಮ್ಮಾರ್ಕೊ, ಜಾನ್ ಕೋಲ್ ಮತ್ತು ಅವರ ಸಂಗಡಿಗರು ಮೆದು ಹವಳಗಳನ್ನು ಗಟ್ಟಿ ಹವಳಗಳ ಪಕ್ಕಕ್ಕೆ ಸರಿಸಿ ಪರೀಕ್ಷಿಸಿದರು. ಕೆಲವೆಡೆ ಮೈಗೆ ಮೈ ತಾಗದೆಯೂ ಗಟ್ಟಿ ಹವಳದ ಮಾಂಸ ಸತ್ತಿತು. ಇದು ಅಲೆಗಳು ಸದಾ ತೊಳೆಯುವ ತೆರೆದ ಕಡಲಿನಲ್ಲಿ. ಅದೇ ನೀರು ಸುತ್ತಿ ಸುತ್ತಿ ಬರುವ ಗಾಜಿನ ಪೆಟ್ಟಿಗೆಯಲ್ಲಿ ಆ ರಾಸಾಯನಿಕ ಹೋಗುವುದೆಲ್ಲಿಗೆ? ಕಾರ್ಬನ್ ಅದನ್ನು ಹೀರುತ್ತದೆ ಎನ್ನುವವರು, ಹೀರಬೇಕಾದ ವಿಷ ಅಲ್ಲಿದೆ ಎಂದು ತಾವೇ ಒಪ್ಪಿದಂತೆ. ಕಾರ್ಬನ್ ತುಂಬಿಹೋದ ದಿನ ಸುಡುವ ಹವಳಕ್ಕೆ ಬೈಗುಳ ಬೀಳುತ್ತದೆ. ಮೌನವಾಗಿ ವಿಷವಿಕ್ಕಿದ್ದಕ್ಕೆ ಶಾಂತವೆಂಬ ಬಿರುದು ಹಾಗೇ ಉಳಿಯುತ್ತದೆ.

ಇನ್ನೂ ಕೆಟ್ಟದ್ದೆಂದರೆ, ಈ ವಿಂಗಡಣೆ ಮನೆಯವರ ಜೀವಕ್ಕೇ ಕುತ್ತು. ಝೋಆಂಥಿಡ್, ಪಾಲಿಥೋವಾಗಳನ್ನು ಹೊಸಬರಿಗೆ ಹೇಳಿ ಮಾಡಿಸಿದ ಸಾಧು ಹವಳಗಳೆಂದು ಮಾರುತ್ತಾರೆ. ಪಾಲಿಟಾಕ್ಸಿನ್ ಎಂಬ ಘೋರ ವಿಷವನ್ನು 1971ರಲ್ಲಿ ಮೊದಲು ಬೇರ್ಪಡಿಸಿದ್ದು ಹವಾಯಿಯ ಮಾವಿ ದ್ವೀಪದ ಪಾಲಿಥೋವಾದಿಂದಲೇ. ಜೀವಕೋಶದಿಂದ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳತರುವ ಪಂಪನ್ನು ಅದು ಹಿಡಿದು, ಸದಾ ತೆರೆದ ಬಾಗಿಲಾಗಿಸುತ್ತದೆ. ಎಲ್ಲ ಝೋಆಂಥಿಡ್‌ಗಳಲ್ಲೂ ಅದು ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಯಾವುದರಲ್ಲಿ ಎಷ್ಟಿದೆ ಎಂದು ನೋಡಿ ಹೇಳಲೂ ಆಗದು. ಬೇಡವಾದ ಝೋಆಂಥಿಡ್ ಅಂಟಿದ ಕಲ್ಲನ್ನು ಕುದಿಸಿದ, ಬಿಸಿನೀರು ಸುರಿದು ಉಜ್ಜಿದ ಮನೆಗಳಲ್ಲಿ ಆವಿ ಉಸಿರಾಡಿದವರು ಜ್ವರ, ಉಬ್ಬಸದಿಂದ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. 2018ರಲ್ಲಿ ಇಂಗ್ಲೆಂಡಿನಲ್ಲಿ ಟ್ಯಾಂಕು ಸ್ವಚ್ಛಗೊಳಿಸಿದ ಒಂದು ಕುಟುಂಬದ ಜೊತೆಗೆ ನೆರವಿಗೆ ಹೋದ ಸಿಬ್ಬಂದಿಯೂ ಆಸ್ಪತ್ರೆಗೆ ಹೋಗಬೇಕಾಯಿತು. ಅತ್ತ ಉಗ್ರವೆಂಬ ಹಣೆಪಟ್ಟಿಯ ಟಾರ್ಚ್ ಹವಳ ಮುಟ್ಟಿದರೆ ಹೆಚ್ಚಿನವರ ಅಂಗೈಗೆ ಏನೂ ಆಗದಿರಬಹುದು. ಮುಂಗೈಯ ಮೆದು ಚರ್ಮ ಉರಿದೀತು. ಮನುಷ್ಯನಿಗೆ ಅಪಾಯ ಎಲ್ಲಿದೆಯೆಂದು ಹೇಳದ, ಹವಳಕ್ಕೆ ಅಪಾಯ ಎಲ್ಲಿದೆಯೆಂದೂ ಹೇಳದ ಪಟ್ಟಿಯನ್ನು ಇನ್ನೂ ಯಾತಕ್ಕೆ ನೆಚ್ಚಬೇಕು?

ಈಗ ಲೆಕ್ಕಕ್ಕೆ ಬರೋಣ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕನ್ನು ಮನೆಯ ಮಟ್ಟಿಗೆ ದೊಡ್ಡದೆಂದೇ ಎಣಿಸುತ್ತಾರೆ. ಅದರ ತಳ ಎಂಟು ಚದರಡಿ. ಅಂಚಿನವರೆಗೆ ತುಂಬಿದರೆ ಸುಮಾರು 450 ಲೀಟರ್ ನೀರು. ಗ್ಯಾಲಾಕ್ಸಿಯಾದ ಸ್ವೀಪರ್ ಒಂದಡಿಯವರೆಗೂ ಚಾಚಬಲ್ಲದು ಎಂದು ಸಾಕುವವರೇ ಎಚ್ಚರಿಸುತ್ತಾರೆ. ಒಂದು ಗ್ಯಾಲಾಕ್ಸಿಯಾವನ್ನು ನಡುವಿನಲ್ಲಿಟ್ಟು ಸುತ್ತ ಒಂದಡಿಯ ವೃತ್ತ ಎಳೆಯಿರಿ. ಟ್ಯಾಂಕಿನ ಅಗಲ ಅಲ್ಲಿಗೆ ಮುಗಿಯಿತು, ಉದ್ದದ ಅರ್ಧವೂ ಹೋಯಿತು. ಒಂದೇ ಒಂದು ಹವಳಕ್ಕೆ ಅದರ ಕೈ ಚಾಚಲು ಬಿಡಬೇಕಾದ ಜಾಗ ಹತ್ತಿರ ಹತ್ತಿರ ಅರ್ಧ ಟ್ಯಾಂಕು. ಮಿಕ್ಸ್ಡ್ ರೀಫ್ ಇಟ್ಟವರ ಇಷ್ಟೇ ದೊಡ್ಡ ಟ್ಯಾಂಕಿನಲ್ಲಿ ಹತ್ತಾರು ಬಗೆಯ ಹವಳಗಳು ಇರುತ್ತವೆ. ಜೊತೆಗೆ ಹವಳ ಬೆಳೆಯುತ್ತದೆ. ಇಂದು ಬಿಟ್ಟ ಆರಿಂಚು ಮುಂದೆ ಮೂರಾಗಿ, ಇಲ್ಲವಾಗುತ್ತದೆ. ಪಂಪಿನ ಸೆಳೆತಕ್ಕೆ ಎಳೆಗಳು ಒಂದೇ ದಿಕ್ಕಿಗೆ ಉದ್ದವಾಗಿ ಹರಡುತ್ತವೆ. ಹೀಗಾಗಿ ‘ಆರಿಂಚು ಬಿಡಿ’ ಎಂಬ ಸೂತ್ರ ಹವಳದ ಅಳತೆಯಿಂದ ಹುಟ್ಟಿದ್ದಲ್ಲ. ಇನ್ನೊಂದು ಹವಳ ಕೊಳ್ಳಲು ಎಷ್ಟು ಜಾಗ ಉಳಿಯಬೇಕು ಎಂಬ ಆಸೆಯ ಅಳತೆ ಅದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ‘ಕಡಲಲ್ಲೂ ಹವಳಗಳು ಹೊಡೆದಾಡುತ್ತವೆ, ಅಲ್ಲೂ ಸಾಯುತ್ತವೆ. ನಾವು ನಿಸರ್ಗವನ್ನೇ ಮನೆಗೆ ತಂದಿದ್ದೇವೆ.’ ಹೊಡೆದಾಟ ನಿಸರ್ಗದಲ್ಲಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಡಲಲ್ಲಿ ನೆರೆಹೊರೆ ಹೇಗೆ ಕೂಡಿಬರುತ್ತದೆ ನೋಡಿ. ತೇಲಿ ಬಂದ ಮರಿ ತನಗೊಪ್ಪುವ ಆಳ, ಬೆಳಕು, ಕಲ್ಲು ಹುಡುಕಿ ಅಂಟಿಕೊಳ್ಳುತ್ತದೆ. ಎಲಿಗೆನ್ಸ್ ಹವಳ ಮರಳು ಕೆಸರಿನ ತಳದಲ್ಲಿ ಹೂತು ಬಾಳುತ್ತದೆ, ಕವಲು ಹವಳಗಳು ಅಲೆ ಬಡಿಯುವ ಕಲ್ಲಿನ ಮೇಲೆ. ತಾಗಿದಾಗ ಎರಡೂ ಹವಳಗಳು ವರ್ಷಗಟ್ಟಲೆ ಮೈ ತಿರುಗಿಸಿ ಬೇರೆ ಕಡೆ ಬೆಳೆಯಬಹುದು, ನಡುವೆ ಬರಿಗಲ್ಲಿನ ಗಡಿ ಬಿಟ್ಟುಕೊಳ್ಳಬಹುದು, ಮುರಿದ ತುಂಡು ಬೇರೆಡೆ ಚಿಗುರಬಹುದು. ಟ್ಯಾಂಕಿನಲ್ಲಿ ಕಡಲಲ್ಲಿ ಎಂದೂ ಪಕ್ಕಪಕ್ಕ ಬಾರದವುಗಳನ್ನು ಒಂದೇ ಮಧ್ಯಾಹ್ನದಲ್ಲಿ ಗೋಂದು ಹಾಕಿ ಅಂಟಿಸುತ್ತಾರೆ. ಆಸ್ಟ್ರೇಲಿಯಾದ್ದು, ಇಂಡೊನೇಷ್ಯದ್ದು, ಕೆರಿಬಿಯನ್ನಿನದು ಒಂದೇ ಕಲ್ಲಿನ ಮೇಲೆ. ಸೋತದ್ದಕ್ಕೆ ಹೋಗಲು ಬೇರೆ ಕಡೆಯೇ ಇಲ್ಲ. ಇದನ್ನು ನಿಸರ್ಗವೆಂದು ಕರೆಯುವುದು ನಿಸರ್ಗದ ಮೇಲೆ ಹೊರಿಸುವ ಸುಳ್ಳು ಆಪಾದನೆ.

ಎರಡನೆಯ ಆಕ್ಷೇಪ: ‘ಐದಾರು ವರ್ಷ ಚೆನ್ನಾಗಿಯೇ ಬಾಳಿವೆಯಲ್ಲ!’ ಅಷ್ಟು ವರ್ಷವನ್ನು ಸಾಧನೆಯೆಂದು ಎಣಿಸುವುದು ನಮ್ಮ ಅಳತೆ, ಹವಳದ್ದಲ್ಲ. ಬಂಡೆಯಂತೆ ಬೆಳೆಯುವ ಪೊರೈಟಿಸ್ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತ ಶತಮಾನಗಳ ಕಾಲ ಬದುಕುತ್ತದೆ. ಹವಳಕ್ಕೆ ಮುಪ್ಪು ಬಂದು ಸಾಯುವುದಕ್ಕಿಂತ ಬಿಸಿ, ರೋಗ, ಬಿರುಗಾಳಿ, ನೆರೆಯ ಕುಟುಕಿನಿಂದ ಸಾಯುವುದೇ ಹೆಚ್ಚು. ಅಂಥ ಪ್ರಾಣಿಗೆ ಐದು ವರ್ಷ ಬಾಲ್ಯ. ಮೇಲಾಗಿ ನಾವು ಮೆಚ್ಚುವ ಟ್ಯಾಂಕಿನಲ್ಲಿ ಕಾಣುವುದು ಉಳಿದವು ಮಾತ್ರ. ಸುಟ್ಟು ಬೆಳ್ಳಗಾದ ಅಸ್ಥಿಪಂಜರವನ್ನು ತೆಗೆದ ಜಾಗದಲ್ಲಿ ಹೊಸ ತುಂಡು ಬಂದು ಕೂತಿರುತ್ತದೆ. ಆ ಖಾಲಿ ಜಾಗಗಳ ಲೆಕ್ಕವನ್ನು ಯಾರೂ ಗಾಜಿನ ಮೇಲೆ ಬರೆದು ತೂಗುಹಾಕುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಗೌರವದ ಮಾತು. ‘ಕಡಲು ಬಿಸಿಯಾಗುತ್ತಿದೆ, ದಿಬ್ಬಗಳು ಬಿಳಿಚುತ್ತಿವೆ. ನಮ್ಮ ಟ್ಯಾಂಕುಗಳೇ ನಾಳೆ ಹವಳದ ಬೀಜಭಂಡಾರ.’ ಸೆರೆಯಲ್ಲಿ ಹವಳ ಸಾಕಿ ವಿಜ್ಞಾನ ಬೆಳೆದಿದೆ ಎಂಬುದನ್ನು ತುಂಬುಮನಸ್ಸಿನಿಂದ ಒಪ್ಪುತ್ತೇನೆ. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಜೇಮಿ ಕ್ರ್ಯಾಗ್ಸ್ ಮತ್ತು ಸಂಗಡಿಗರು ಅಕ್ರೋಪೊರಾ ಹವಳಗಳು ಮುಚ್ಚಿದ ಟ್ಯಾಂಕಿನಲ್ಲೇ ಮೊಟ್ಟೆಯಿಡುವಂತೆ ಮಾಡಿ, ಅದರ ವಿಧಾನವನ್ನು 2017ರಲ್ಲಿ ಪ್ರಕಟಿಸಿದರು. ಅವರು ಆ ಹವಳಗಳಿಗೆ ಅವುಗಳ ಮೂಲ ಕಡಲಿನ ಋತು, ನೀರಿನ ಬಿಸಿ, ಹಗಲಿನ ಉದ್ದ, ಬೆಳದಿಂಗಳ ಏರಿಳಿತವನ್ನು ಲೆಕ್ಕ ಹಾಕಿ ಒದಗಿಸಿದರು. ಎಲ್ಲಿಂದ ಬಂತು, ಯಾವ ಜಾತಿ ಎಂಬ ದಾಖಲೆ ಅವರ ಬಳಿ ಇತ್ತು. ಸಾಧನೆ ಬಂದದ್ದು ಹವಳದ ಬದುಕಿಗೆ ಟ್ಯಾಂಕನ್ನು ಒಗ್ಗಿಸಿದ್ದರಿಂದ. ಮನೆಯ ಮಿಕ್ಸ್ಡ್ ರೀಫ್ ಹವಳವನ್ನು ಟ್ಯಾಂಕಿಗೆ ಒಗ್ಗಿಸುತ್ತದೆ. ಊರು ತಿಳಿಯದ, ಒಂದೇ ತಾಯಿಯಿಂದ ಕೊಯ್ದು ಕೊಯ್ದು ಹಂಚಿದ, ಅಂಗಡಿ ಇಟ್ಟ ಬಣ್ಣದ ಹೆಸರಲ್ಲದೆ ಬೇರೆ ಗುರುತಿಲ್ಲದ ತುಂಡುಗಳಿಂದ ಯಾವ ದಿಬ್ಬವನ್ನೂ ಕಟ್ಟಲಾಗದು. ಜೀವಂತ ಹವಳದ ಅತಿ ದೊಡ್ಡ ರಫ್ತುದಾರ ಇಂಡೊನೇಷ್ಯ 2018ರಲ್ಲಿ ರಫ್ತು ನಿಲ್ಲಿಸಿ 2020ರಲ್ಲಿ ಮತ್ತೆ ತೆರೆದಾಗ ಈ ಹವ್ಯಾಸ ಬಾಗಿಲು ತೆರೆದದ್ದಕ್ಕೆ ಹಿಗ್ಗಿತು. ಬಂಗಾರದ ಬಣ್ಣದ ಟಾರ್ಚ್ ಹವಳದ ಒಂದೊಂದು ತಲೆಗೆ ನೂರಾರು ಡಾಲರ್ ಬೆಲೆ ಕಟ್ಟುವ ಕಡೆ ಬೀಜಭಂಡಾರದ ಮಾತು ನೆಪವಾಗಿಯೇ ಕೇಳಿಸುತ್ತದೆ.

ನಮ್ಮ ನಾಡಿನವರಿಗೆ ಇನ್ನೂ ನೇರವಾದ ಮಾತೊಂದಿದೆ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನೆಲ್ಲ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳನ್ನು ಸೇರಿಸಲಾಯಿತು. ಹುಲಿ, ಆನೆಗಳ ಸಾಲಿನಲ್ಲಿ ನಿಲ್ಲುವ ರಕ್ಷಣೆ ಅದು. ‘ಇದು ಹೊರದೇಶದ ಹವಳ, ನಮ್ಮ ಕಡಲಿನದಲ್ಲ’ ಎಂಬ ಸಮಜಾಯಿಷಿ ಬೆಂಗಳೂರಿನಲ್ಲೂ ಓಡಾಡುತ್ತದೆ. ಆ ಅನುಸೂಚಿ ಹೆಸರಿಸಿರುವುದು ಇಡೀ ಗಣವನ್ನು. ಯಾವ ಕಡಲಿನದೆಂದು ಅದು ವಿನಾಯಿತಿ ಕೊಟ್ಟಿಲ್ಲ. ಗ್ಯಾಲಾಕ್ಸಿಯಾ ಲಕ್ಷದ್ವೀಪದಲ್ಲೂ ಅಂಡಮಾನಿನಲ್ಲೂ ಇದೆ. ಗಾಜಿನೊಳಗೆ ಕುಳಿತದ್ದು ಎಲ್ಲಿಯದೆಂದು ನೋಡಿ ಹೇಳಬಲ್ಲವರು ಯಾರು? ಅಂತಾರಾಷ್ಟ್ರೀಯ ವ್ಯಾಪಾರದಲ್ಲೂ ಗಟ್ಟಿ ಹವಳಗಳೆಲ್ಲ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ, ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪದ ಸುತ್ತ ಜೀವಂತ ಹವಳಗಳಿವೆ. ನೀರಿಗಿಳಿದು, ಮುಟ್ಟದೆ, ಅವುಗಳ ಜಾಗದಲ್ಲೇ ಅವನ್ನು ಕಂಡು ಬರಬಹುದು. ಕರ್ನಾಟಕದಲ್ಲಿ ಹವಳ ಪ್ರೀತಿಸುವವರಿಗೆ ಇದೇ ದಾರಿ. ಮನೆಯಲ್ಲಿ ಸಾಕುವ ಮಾತನ್ನೇ ಇಲ್ಲಿ ಕೈಬಿಡಬೇಕು.

ಮಕ್ಕಳು ಟ್ಯಾಂಕು ನೋಡಿ ಕಡಲನ್ನು ಪ್ರೀತಿಸಲು ಕಲಿಯುತ್ತಾರೆ ಎಂಬ ಮಾತನ್ನೂ ಹಗುರಾಗಿ ತೆಗೆದುಕೊಳ್ಳಲಾರೆ. ಮಿಕ್ಸ್ಡ್ ರೀಫ್ ಮುಂದೆ ನಿಂತ ಮಗು ಕಲಿಯುವುದು ಹವಳ ಹೂವಿನಂಥದ್ದು ಎಂಬ ತಪ್ಪು ಪಾಠ. ಸುತ್ತ ಬರಿದಾದ ಮರಳಿನ ನಡುವೆ ಒಂದೇ ಹವಳ ರಾತ್ರಿ ಕರಬಳ್ಳಿ ಚಾಚಿ, ಪುಟ್ಟ ಸಿಗಡಿಯನ್ನು ಹಿಡಿದು, ಬಾಯಿಗೆ ಒಯ್ಯುವುದನ್ನು ಕಂಡ ಮಗು ಒಂದು ಪ್ರಾಣಿಯನ್ನು ಕಂಡಿರುತ್ತದೆ. ಬರಿದಾದ ಮರಳು ಯಾಕೆ ಎಂದು ಅದು ಕೇಳಿದರೆ, ಅದು ಈ ಹವಳದ ಕೈ ಚಾಚುವ ಜಾಗ ಎಂದು ಉತ್ತರ ಕೊಡಬಹುದು. ಅದಕ್ಕಿಂತ ದೊಡ್ಡ ಪಾಠ ಬೇಕೆ?

ಹಾಗಾದರೆ ಕಾಯ್ದೆ ಒಪ್ಪುವ ದೇಶಗಳಲ್ಲಿ, ಅಲ್ಲಿ ನೆಲೆಸಿ ಟ್ಯಾಂಕು ಇಟ್ಟಿರುವ ಕನ್ನಡಿಗರೂ ಸೇರಿದಂತೆ, ಏನು ಮಾಡಬೇಕು? ಕುಟುಕುವ ಹವಳವನ್ನು ಆರಿಸಿಕೊಂಡವರು ಅದರ ಸುತ್ತಲೇ ಟ್ಯಾಂಕು ಕಟ್ಟಲಿ. ಟಾರ್ಚ್ ಬೇಕಿದ್ದರೆ ಟಾರ್ಚ್‌ಗಳದೇ ಟ್ಯಾಂಕು. ಹ್ಯಾಮರ್, ಫ್ರಾಗ್‌ಸ್ಪಾನ್ ಬೇಕಿದ್ದರೆ ಆ ಕುಲದವು ಮಾತ್ರ. ಗ್ಯಾಲಾಕ್ಸಿಯಾ ಬೇಕಿದ್ದರೆ ಅದೊಂದೇ. ಎಲಿಗೆನ್ಸ್‌ಗೆ ಮರಳು ಹಾಸಿ, ಕಲ್ಲು ದೂರವಿಡಿ. ಮೆದು ಹವಳ ಇಷ್ಟವಾದರೆ ಅವುಗಳ ಟ್ಯಾಂಕನ್ನೇ ಬೇರೆ ಮಾಡಿ. ಟಾರ್ಚ್ ಹವಳದ ಎಳೆಗಳಲ್ಲಿ ಉರುಳಾಡುವ ಕ್ಲೌನ್‌ಫಿಶ್‌ನ ಚಂದಕ್ಕಾಗಿ ಹವಳ ದಿನವಿಡೀ ಮುದುಡಿ ಕೂರುವಂತಾಗಿದ್ದರೆ ಮೀನನ್ನು ಬೇರೆಡೆಗೆ ಸಾಗಿಸಿ. ಕೊಳ್ಳುವ ಮೊದಲು ಹವಳದ ಇಂದಿನ ಗಾತ್ರ ನೋಡಬೇಡಿ. ಬೆಳೆದ ಗಾತ್ರಕ್ಕೆ ಅದರ ಸ್ವೀಪರ್ ಉದ್ದವನ್ನು ಎರಡೂ ಕಡೆ ಕೂಡಿಸಿ, ಅಷ್ಟು ಜಾಗ ಎಂದೆಂದಿಗೂ ಖಾಲಿ ಬಿಡಲು ಮನಸ್ಸಿದೆಯೇ ಎಂದು ಕೇಳಿಕೊಳ್ಳಿ. ಮನಸ್ಸಿಲ್ಲದಿದ್ದರೆ ಕೊಳ್ಳಬೇಡಿ. ಮಾರುವವರಿಗೂ ಒಂದು ಒತ್ತಾಯ: ಸ್ವಭಾವದ ಸಾಲನ್ನು ಅಳಿಸಿ, ಆ ಜಾಗದಲ್ಲಿ ಸ್ವೀಪರ್ ಉದ್ದ, ಬೇಕಾದ ಅಂತರ, ಯಾವ ಕಡಲಿನ ಯಾವ ತಳದಿಂದ ಬಂತು, ಮನುಷ್ಯರಿಗೆ ವಿಷವೇ ಎಂಬುದನ್ನು ಬರೆಯಿರಿ. ಕತ್ತರಿಯ ಸಲಹೆಯನ್ನು ಹೊಸಬರಿಗೆ ಕೊಡುವುದನ್ನು ಇಂದೇ ನಿಲ್ಲಿಸಿ.

ಇದರಿಂದ ಟ್ಯಾಂಕುಗಳ ಬಣ್ಣ ಕಡಿಮೆಯಾದೀತು, ವ್ಯಾಪಾರ ಇಳಿದೀತು, ಒಬ್ಬೊಬ್ಬರ ಮನೆಯಲ್ಲಿರುವ ಹವಳಗಳ ಸಂಖ್ಯೆ ಕುಗ್ಗೀತು. ಕುಗ್ಗಲಿ. ಒಂದು ಪ್ರಾಣಿಯನ್ನು ಅದರ ಕಡಲಿನಿಂದ ಕಿತ್ತು ತಂದವರು ಅದಕ್ಕೆ ಮರಳಿ ಕೊಡಬಹುದಾದದ್ದು ಬಹಳ ಕಡಿಮೆ: ತಕ್ಕ ಬೆಳಕು, ಸ್ವಚ್ಛ ನೀರು, ಊಟ, ಮತ್ತು ಕೈ ಚಾಚಿದಷ್ಟು ಜಾಗ. ಮೊದಲ ಮೂರಕ್ಕೆ ಲಕ್ಷಗಟ್ಟಲೆ ಸುರಿಯುವ ಈ ಹವ್ಯಾಸ ಖರ್ಚೇ ಇಲ್ಲದ ನಾಲ್ಕನೆಯದನ್ನು ಮಾತ್ರ ಹವಳದಿಂದ ಕಸಿದುಕೊಂಡು, ಆಮೇಲೆ ಹವಳವನ್ನೇ ಉಗ್ರವೆಂದು ದೂರುತ್ತಿದೆ. ಆ ಜಾಗವನ್ನು ಕೊಡಲಾರದವರಿಗೆ ಕುಟುಕುವ ಹವಳ ಸಾಕುವ ಹಕ್ಕಿಲ್ಲ.